ಕಾಣೆಯಾದ ಮುಖಕ್ಕೆ ವರ್ಷ ಹಚ್ಚಿದ್ದು

ನಾನು ಒಂದು ಚಿತ್ರ ಬಿಡಿಸುವ, ಚಿತ್ರ ತಿದ್ದುವ ಪುಟ್ಟ ಪ್ರೋಗ್ರಾಂ. ಕಂಪ್ಯೂಟರಿನ ಹೊಟ್ಟೆಯಲ್ಲಿ ನನ್ನ ವಾಸ. ಕೈಕಾಲಿಲ್ಲ, ತೂಕವಿಲ್ಲ; ಆದರೂ ನನಗೂ ಒಂದು ಹುಟ್ಟಿದೆ, ಹುಟ್ಟಿಸಿದವರಿದ್ದಾರೆ. ಗದಗಿನ ಒಂದು ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುತ್ತಿದ್ದ ಬಿದರಳ್ಳಿ ಮಾಸ್ತರರು ಬೇಸಿಗೆ ರಜೆಯಲ್ಲಿ ಕೂತು ನನ್ನನ್ನು ಬರೆದರು. ಅವರ ಮಕ್ಕಳು ಸುಣ್ಣ ಹೊಡೆದ ಗೋಡೆಯನ್ನೆಲ್ಲ ಗೀಚಿ ಹಾಳು ಮಾಡಿದ್ದವು. ಇನ್ನು ಇದರ ಮೇಲೆ ಗೀಚಲಿ ಎಂಬುದು ಅವರ ಆಸೆ. ಒಂದು ಕುಂಚ, ಒಂದು ರಬ್ಬರು, ಬಣ್ಣ ಸುರಿಯುವ ಡಬ್ಬಿ, ಒಂದು ಕತ್ತರಿ, ಇಷ್ಟೇ ನನ್ನ ಆಸ್ತಿ. ಹೆತ್ತವರಿಗೆ ಹೆಗ್ಗಣ ಮುದ್ದು. ಮಾಸ್ತರರು ಮನೆಗೆ ಬಂದವರಿಗೆಲ್ಲ ಚಹಾಕ್ಕಿಂತ ಮೊದಲು ನನ್ನನ್ನು ತೋರಿಸುತ್ತಿದ್ದರು. ಮಕ್ಕಳು ಮಾತ್ರ ನಾಲ್ಕು ದಿನ ಆಡಿ ಮತ್ತೆ ಗೋಡೆಗೇ ಹೋದವು.

ಹಾಗೆ ಚಹಾಕ್ಕೆ ಬಂದವರಲ್ಲಿ ಪಾಂಡುರಂಗ ಚಿತ್ರಗಾರರೂ ಒಬ್ಬರು. ಬೆಟಗೇರಿಯಲ್ಲಿ ಅವರದೊಂದು ಫೋಟೊ ಸ್ಟುಡಿಯೊ ಇತ್ತು. ಅವರ ಅಜ್ಜ ಮರದ ಗೊಂಬೆಗೆ ಬಣ್ಣ ಬಳಿದವರು, ಅಪ್ಪ ಕಪ್ಪು ಬಿಳುಪು ಫೋಟೊಗಳ ಕೆನ್ನೆಗೆ ಕುಂಚದಿಂದ ಗುಲಾಬಿ ಹಚ್ಚಿದವರು. ಪಾಂಡುರಂಗರಿಗೂ ಆ ಕೈ ಬಂದಿತ್ತು. ಆದರೆ ನಡುವಯಸ್ಸಿಗೇ ಆ ಕೈ ನಡುಗಲು ಹತ್ತಿತು. ಫೋಟೊ ಕೆಲಸವೆಲ್ಲ ಕಂಪ್ಯೂಟರಿಗೆ ಬಂದ ಮೇಲಂತೂ ಅವರ ಗತಿ ಯಾರಿಗೂ ಬೇಡ. ಮೌಸ್ ಹಿಡಿದು ಮೀಸೆ ತಿದ್ದಲು ಹೋದರೆ ಗೆರೆ ಕಿವಿಗೆ ಹೋಗುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಜನ ನಗಬಹುದೆಂಬ ಅಂಜಿಕೆಯಿಂದ ಅವರು ಮೌಸನ್ನು ಬೈಯುತ್ತಲೂ ಇರಲಿಲ್ಲ, ಸುಮ್ಮನೆ ಗಿರಾಕಿಗಳನ್ನು ವಾಪಸು ಕಳಿಸುತ್ತಿದ್ದರು.

"ಪಾಂಡಣ್ಣಾ, ನೀ ಕೈಲೆ ಬಿಡಸಬ್ಯಾಡ," ಅಂದರು ಮಾಸ್ತರರು. "ಏನ್ ಮಾಡಬೇಕಂತ ಒಂದ್ ಸಾಲು ಬರದು ಹೇಳು. ಇದು ಬಿಡಸ್ತೈತಿ."

ಅಂದಿನಿಂದ ನನಗೆ ಎರಡನೇ ಜನ್ಮ. ಮಾಸ್ತರರು ನನಗೊಂದು ಕರಿ ಕಿಟಕಿ ಇಟ್ಟುಕೊಟ್ಟರು. ಅದರಲ್ಲಿ ಚಿತ್ರಗಳಿಲ್ಲ, ಗುಂಡಿಗಳಿಲ್ಲ, ಮಿನುಗುವ ಒಂದು ಗೆರೆ ಮಾತ್ರ. ಅಲ್ಲಿ ಸಾಲು ಬರೆಯಬೇಕು: ಯಾವ ಫೋಟೊ, ಅದಕ್ಕೇನು ಮಾಡಬೇಕು, ಎಡಗಡೆಯಿಂದ ಎಷ್ಟು ಚುಕ್ಕಿ ಮೇಲಿನಿಂದ ಎಷ್ಟು ಚುಕ್ಕಿ ದೂರದಲ್ಲಿ, ಎಷ್ಟು ಗಾಢವಾಗಿ, ಆಮೇಲೆ ಯಾವ ಹೆಸರಿನಲ್ಲಿ ಇಡಬೇಕು. ಎಂಟರ್ ಒತ್ತಿದರೆ ನಾನು ಮಾಡಿ ಮುಗಿಸುತ್ತೇನೆ. ನಡುಗುವ ಬೆರಳು ಒಂದೇ ಅಕ್ಷರವನ್ನು ಎರಡು ಸಲ ಒತ್ತಿದರೆ, ತಿಳಿಯಲಿಲ್ಲ, ಮತ್ತೊಮ್ಮೆ ಹೇಳಿ ಎನ್ನುತ್ತೇನೆ. ನನಗೆ ಬರುವ ಮಾತು ಅದೊಂದೇ. ಸಾಲು ಸರಿಯಿದ್ದರೆ ಅದನ್ನೂ ಅನ್ನುವಂತಿಲ್ಲ.

ಪಾಂಡುರಂಗರು ಮೊದಲ ಸಲ ನನ್ನಿಂದ ಒಂದು ಮೀಸೆಯನ್ನು ನೇರ ಬಿಡಿಸಿದ ದಿನ ಅವರ ಕಣ್ಣು ತುಂಬಿತ್ತು. ಆಮೇಲೆ ನಾವಿಬ್ಬರೂ ಬೆಟಗೇರಿಯ ಮುಖಗಳನ್ನೆಲ್ಲ ತಿದ್ದಿದೆವು. ಮುಚ್ಚಿದ ಕಣ್ಣು ತೆರೆಸಿದೆವು. ಬದುಕಿರುವಷ್ಟು ದಿನ ಅಂಗಿಯ ಗುಂಡಿ ಹಾಕದ ಮುದುಕರಿಗೆ ಸತ್ತ ಮೇಲೆ ಕೋಟು ತೊಡಿಸಿ ಹಾರ ಬಿಡಿಸಿದೆವು. ಮುಗಿದ ಕೆಲಸವನ್ನು ಅವರು ಯಾವಾಗಲೂ ಹಳೆಯ ಹೆಸರಿನಲ್ಲೇ ಇಡಿಸುತ್ತಿದ್ದರು. ಎರಡೆರಡು ಇದ್ದರೆ ತಪ್ಪಿ ಹಳೆಯದೇ ಪ್ರಿಂಟ್ ಆದೀತು ಎಂಬುದು ಅವರ ಲೆಕ್ಕ. ಹೊಸ ಮುಖ ಬಂದು ಕೂತಿತೆಂದರೆ ಹಳೆಯ ಮುಖ ನನ್ನಲ್ಲಿ ಉಳಿಯುತ್ತಿರಲಿಲ್ಲ.

ಪಾಂಡುರಂಗರಿಗೆ ಒಬ್ಬಳೇ ಮಗಳು, ಯಮುನಾ. ಅಳಿಯ ಏಕನಾಥ ಲಾರಿ ಚಾಲಕ. ಮದುವೆಯಾಗಿ ಎರಡು ದೀಪಾವಳಿ ಕಳೆದಿರಲಿಲ್ಲ, ಅವನು ಒಣಮೆಣಸಿನಕಾಯಿ ಹೇರಿಕೊಂಡು ಪುಣೆ ಕಡೆಗೆ ಹೋದ. ಲಾರಿ ದಾರಿಬದಿಯಲ್ಲಿ ನಿಂತಿತ್ತು, ಮಾಲು ಮುಟ್ಟಿರಲಿಲ್ಲ, ಬಾಗಿಲು ತೆರೆದಿತ್ತು. ಚಾಲಕ ಇರಲಿಲ್ಲ. ಪೊಲೀಸರು ದೂರು ಬರೆದುಕೊಂಡರು, ಮನೆಯವರು ದೇವರನ್ನು ಕೇಳಿಸಿದರು. ಯಮುನಾ ತವರಿಗೆ ಬಂದಳು. ಪಾಂಡುರಂಗರು ಅಳಿಯನ ಫೋಟೊ ಹಾಕಿ 'ಕಾಣೆಯಾಗಿದ್ದಾರೆ' ಎಂಬ ಹಾಳೆ ಮಾಡಿ ಲಾರಿ ಸ್ಟ್ಯಾಂಡಿನಲ್ಲಿ ಹಂಚಿದರು, ಒಂದನ್ನು ಸ್ಟುಡಿಯೊದ ಗೋಡೆಗೂ ಅಂಟಿಸಿದರು. ದುಂಡು ಮುಖ, ಎಣ್ಣೆ ಹಚ್ಚಿದ ಕಪ್ಪು ಕೂದಲು, ಈಗಷ್ಟೇ ಯಾರನ್ನೋ ಚೇಷ್ಟೆ ಮಾಡಿ ನಕ್ಕಂಥ ತುಟಿ.

ವರ್ಷ ಉರುಳಿತು. ಮುಂದಿನ ಸಲ ಹಾಳೆ ಮಾಡುವಾಗ ಪಾಂಡುರಂಗರು ಹೇಳಿದರು: "ಮನಿಷ್ಯಾ ಹಂಗ ಇರ್ತಾನೇನವ್ವಾ? ಫೋಟೊಕ್ಕೂ ಒಂದು ವರ್ಷ ಕೂಡಿಸಬೇಕು. ಇಲ್ಲಂದ್ರ ನೋಡಿದವರಿಗೆ ಗುರ್ತ ಹತ್ತೂದಿಲ್ಲ."

ಅದು ಒಂದು ರೂಢಿಯೇ ಆಗಿಹೋಯಿತು. ಪ್ರತಿ ದೀಪಾವಳಿಯ ಪಾಡ್ಯದಂದು, ಬೇರೆ ಅಂಗಡಿಗಳು ಪೂಜೆ ಮಾಡುವ ಹೊತ್ತಿಗೆ, ಅಪ್ಪ ಮಗಳು ನನ್ನ ಮುಂದೆ ಕೂರುತ್ತಿದ್ದರು. ಯಮುನಾ ಸ್ಟೂಲಿನ ಮೇಲೆ ಕೂತು ಹೇಳುವಳು, ಅಪ್ಪ ಬರೆಯುವರು.

"ಎಲ್ಲಿ ಉಣ್ಣತಾರೋ ಏನೋ, ಅಪ್ಪಾ. ಗಲ್ಲ ಸ್ವಲ್ಪ ಒಳಗ ಹೋಗಲಿ."

ನಾನು ಕೆನ್ನೆಗಳನ್ನು ಒಳಗೆ ಒತ್ತಿದೆ.

"ನಿದ್ದಿ ಎಲ್ಲಿಂದ ಬರಬೇಕು ಅವರಿಗೆ. ಕಣ್ಣ ಕೆಳಗ ಕಪ್ಪ ಮಾಡ್ರಿ."

ಮಾಡಿದೆ. ಮರುವರ್ಷ ಕ್ಷೌರ ಮಾಡಿಸಲು ಹೇಳುವವರು ಯಾರಿದ್ದಾರೆಂದು ಗಡ್ಡ ಬಂತು. ಅದರ ಮರುವರ್ಷ ಕಿವಿಯ ಮೇಲೆ ಬಿಳಿ ಬಂತು. ತುಟಿಯ ನಗುವನ್ನು ಯಾವ ಪಾಡ್ಯದಂದು ತೆಗೆಸಿದರೋ ನನಗೇ ನೆನಪಿಲ್ಲ; ಒಂದು ಮುಖದ ಮೇಲೆ ಇನ್ನೊಂದು ಮುಖ ಬಂದು ಕೂತು ಮೊದಲಿನವನು ಎಂದೋ ಹೋಗಿಬಿಟ್ಟಿದ್ದ. ನಾನು ನೋಡಿದ ಮುಖಗಳೇನು ಕಡಿಮೆಯೇ? ಹಿಂದೆ ಫೋಟೊ ತೆಗೆಸಿದವರು ನಾಲ್ಕಾರು ವರ್ಷ ಬಿಟ್ಟು ಬಂದರೆ ಹೆಚ್ಚಿನವರ ಕೆನ್ನೆ ಉಬ್ಬಿರುತ್ತದೆ, ನರೆತ ಕೂದಲೂ ಕಪ್ಪಾಗಿರುತ್ತದೆ. ಹೇಳಬೇಕೆನಿಸುತ್ತಿತ್ತು. ಆದರೆ ಪಾಂಡುರಂಗರ ಸಾಲಿನಲ್ಲಿ ತಪ್ಪಿರುತ್ತಿರಲಿಲ್ಲ.

ಇತ್ತ ಏಕನಾಥನ ಅಣ್ಣ ದೇವೇಂದ್ರ ಒಂದು ದಿನ ಸ್ಟುಡಿಯೊಕ್ಕೆ ಬಂದ. ಕೆಟ್ಟ ಮನುಷ್ಯನಲ್ಲ, ದಣಿದ ಮನುಷ್ಯ.

"ಮಾವಾರ, ಏಳ ವರ್ಷಾ ದಾಟಿತು. ಅವ್ವ ಹಾಸಿಗಿ ಹಿಡದಾಳ. ಮಗನ ಹೆಸರಲೆ ಒಂದ್ ಪಿಂಡಾದ್ರೂ ಇಟ್ಟ ಹೋಗ್ತೇನಿ ಅಂತಾಳ. ಈ ಸಲದ ಮಹಾಲಯ ಅಮಾಸಿಗೆ ಹಾರ ಹಾಕಿದ ಫೋಟೊ ಒಂದು ಮಾಡಿಕೊಡ್ರಿ. ಹೊರಗಿನವರ ಕಡೆ ಮಾಡಸಾಕ ಮನಸ್ಸ ಒಪ್ಪಲಿಲ್ಲ."

ಪಾಂಡುರಂಗರು ಇಕ್ಕಟ್ಟಿಗೆ ಬಿದ್ದರು. ಹಾರ ಬಿಡಿಸಿದರೆ ಮಗಳು ವಿಧವೆ, ಬಿಡಿಸದಿದ್ದರೆ ಬೀಗಿತಿಯ ಕೊನೆಯ ಆಸೆಗೆ ಅಡ್ಡ ಬಂದಂತೆ. ಯಮುನಾ ಒಳಗಿನಿಂದ ಬಂದು ನಿಂತಳು. "ಭಾವಾರ, ಗ್ವಾಡಿ ಮ್ಯಾಲ ಹಾಳಿ ಇರೂತನಕ ಹಾರ ಇಲ್ಲ," ಅಂದಳು. ದೇವೇಂದ್ರ ಅವಳ ಮುಖ ನೋಡಿ, ತಲೆ ತಗ್ಗಿಸಿ, "ಅಮಾಸಿತನಕ ವಿಚಾರ ಮಾಡ್ರಿ" ಎಂದಷ್ಟೇ ಹೇಳಿ ಹೋದ.

ವಿಚಾರ ನಡೆದೇ ಇತ್ತು. ಕೊನೆಗೆ ಅಮಾವಾಸ್ಯೆಗೆ ಎರಡು ದಿನ ಇದೆ ಎನ್ನುವಾಗ ಯಮುನಾ ತಾನಾಗಿ ಬಂದು, "ಮಾಡಿಕೊಡ್ರಿ, ಅಪ್ಪಾ. ಅತ್ತಿಯವರಾದ್ರೂ ನೆಮ್ಮದಿಲೆ ಹೋಗಲಿ," ಅಂದಳು. ಪಾಂಡುರಂಗರು ಅಳಿಯನ ಮುಖವನ್ನು ತೆರೆಸಿದರು. ಹಾರದ ಸಾಲು ಬರೆಯತೊಡಗಿದರು. ಅವರ ಬೆರಳು ಅಂದು ನಡುಗಿದಷ್ಟು ಎಂದೂ ನಡುಗಿರಲಿಲ್ಲ; ತಿಳಿಯಲಿಲ್ಲ, ತಿಳಿಯಲಿಲ್ಲ ಎಂದು ನಾನು ಹೇಳುತ್ತಲೇ ಹೋದೆ. ನಿಜ ಹೇಳಬೇಕೆಂದರೆ ಆ ಹೊತ್ತು ನನಗೆ ಸಮಾಧಾನವೇ ಆಗಿತ್ತು.

ಅಷ್ಟರಲ್ಲಿ ಲೈಸೆನ್ಸಿಗೆಂದು ಫೋಟೊ ತೆಗೆಸಲು ಒಬ್ಬ ಲಾರಿ ಚಾಲಕ ಬಂದ. ಮುಳಗುಂದದ ಬಾಬುಸಾಬ. ಕುರ್ಚಿಯಲ್ಲಿ ಕೂರಬೇಕಾದವನು ಗೋಡೆಯ ಹಾಳೆಯ ಮುಂದೆ ನಿಂತುಬಿಟ್ಟ.

"ಈ ಏಕನಾಥ ನಿಮಗೇನಾಗಬೇಕ್ರಿ, ಕಾಕಾ?"

"ಅಳಿಯ."

ಅವನು ಹೊರಗೆ ಹೋಗಿ ತನ್ನ ಲಾರಿಯಿಂದ ಮಡಿಚಿದ ಒಂದು ಹಾಳೆ ತಂದ. ಮೊಟ್ಟಮೊದಲು ಹಂಚಿದ ಹಾಳೆ. ಬಿಸಿಲಿಗೆ ಬಣ್ಣ ಹಾರಿತ್ತು. ದುಂಡು ಮುಖ ಮಾತ್ರ ಇನ್ನೂ ನಗುತ್ತಿತ್ತು.

"ಹ್ವಾದ ವರ್ಷದ ಹಿಂದಿನ ವರ್ಷ ಸಾಂಗ್ಲಿ ದಾರಿಯಾಗ ಪಂಚರ್ ಹಾಕಸಾಕ ನಿಂತಿದ್ದೆ. ಅಂಗಡಿಯಾಂವನ ಮಾರಿ ನೋಡಿ ಎದಿ ಝಲ್ ಅಂತು. ಥೇಟ್ ಈ ಹಾಳ್ಯಾಗಿನ ಮಾರಿ. ಕನ್ನಡದಾಗ ಮಾತಾಡಿಸಿದೆ, ಮರಾಠಿಯಾಗ ಹೇಳಿದ. ಊರಿಗೆ ಹೋಗಿ ಫೋನ್ ಮಾಡೂಣು ಅನ್ಕೊಂಡೆ. ಗದಗಿಗೆ ಬಂದ್ರ ಸ್ಟ್ಯಾಂಡಿನಾಗ ನಿಮ್ಮ ಹೊಸಾ ಹಾಳಿ ಹಚ್ಚಿದ್ರಿ. ಗಡ್ಡ, ಬಿಳಿ ಕೂದಲ, ಸೊರಗಿದ ಗಲ್ಲ. ಅಂವ ಹಂಗಿರಲಿಲ್ರಿ. ಹೊಟ್ಟಿ ಬಂದಿತ್ತು, ನಕ್ಕೋತ ಕೆಲಸಾ ಮಾಡ್ತಿದ್ದ. ನಾನ ತಪ್ಪ ತಿಳಕೊಂಡೆ ಅಂತ ಸುಮ್ಮನಾದೆ."

ಯಮುನಾ ಕೇಳಿದಳು, "ಒಬ್ಬರ ಇದ್ರ?"

ಬಾಬುಸಾಬ ಪಾಂಡುರಂಗರ ಕಡೆ ನೋಡಿದ. ಅವರು ನೆಲ ನೋಡುತ್ತಿದ್ದರು. "ಒಂದು ಹೆಣ್ಣಕೂಸು ಇತ್ರಿ, ಅಕ್ಕಾರ. ಅಪ್ಪಾ ಅಪ್ಪಾ ಅಂತ ಬೆನ್ನ ಮ್ಯಾಲ ಹತ್ತತಿತ್ತು. ಈಗ ಹೋದರೂ ಸಿಗೂದಿಲ್ರಿ. ರಸ್ತಾ ಅಗಲ ಮಾಡಿ ಅಂಗಡಿ ಎಲ್ಲಾ ತೆಗದಾರ."

ಅವನು ಫೋಟೊ ತೆಗೆಸಿಕೊಳ್ಳದೆಯೇ ಹೋದ. ಪಾಂಡುರಂಗರು ಕೀಬೋರ್ಡಿಗೆ ಬಿದ್ದವರಂತೆ ಸಾಲಿನ ಮೇಲೆ ಸಾಲು ಬರೆದರು. ಗಲ್ಲ ತುಂಬಿಸು. ಗಡ್ಡ ತೆಗೆ. ಬಿಳಿ ಅಳಿಸು. ಬಾಯಿಯ ಕೊನೆ ಮೇಲಕ್ಕೆತ್ತು. ಎಲ್ಲ ಮಾಡಿದೆ. ಪರದೆಯ ಮೇಲೆ ಬಂದವನು ಏಕನಾಥನಾಗಿರಲಿಲ್ಲ. ಯಾರೋ ಹೋಟೆಲಿನವನ ಹಾಗೆ ಕಾಣುತ್ತಿದ್ದ. ಹಚ್ಚಿದ ದುಃಖವನ್ನು ಕೆರೆದು ತೆಗೆಯಬಹುದು, ಅದರ ಕೆಳಗೆ ಇದ್ದವನನ್ನು ನಾನೆಲ್ಲಿಂದ ತರಲಿ?

"ಸಾಕ್ ಬಿಡ್ರಿ, ಅಪ್ಪಾ," ಅಂದಳು ಯಮುನಾ. ಗೋಡೆಯ ಹಾಳೆಯನ್ನು ಹರಿಯದ ಹಾಗೆ ನಿಧಾನವಾಗಿ ಕಿತ್ತು ತೆಗೆದಳು. ಆಮೇಲೆ ದೇವೇಂದ್ರನಿಗೆ ಫೋನ್ ಹಚ್ಚಿದಳು. "ಭಾವಾರ, ಹಾರದ ಫೋಟೊ ಬ್ಯಾಡ. ಅತ್ತಿಯವರಿಗೆ ಹೇಳ್ರಿ, ಮಗ ಆರಾಮ ಅದಾರಂತ. ಮೈ ತುಂಬಿಕೊಂಡಾರಂತ." ಅಷ್ಟು ಹೇಳುವತನಕ ದನಿ ಗಟ್ಟಿಯಾಗಿತ್ತು. ಫೋನ್ ಇಟ್ಟ ಮೇಲೆ ಅವಳು ಅತ್ತದ್ದನ್ನು ನಾನು ಕೇಳಿದೆ. ಬಿಟ್ಟುಹೋದವನಿಗಾಗಿಯೋ, ತಾನು ಕಳೆದ ವರ್ಷಗಳಿಗಾಗಿಯೋ ನನಗೆ ತಿಳಿಯಲಿಲ್ಲ.

ಆ ದೀಪಾವಳಿಯಿಂದ ಪಾಡ್ಯದ ಕೆಲಸ ನಿಂತಿತು. ಈಗ ಸ್ಟುಡಿಯೊಕ್ಕೆ ಹೊಸ ಕಂಪ್ಯೂಟರ್ ಬಂದಿದೆ. ಅದರಲ್ಲಿ ಆನೆಯಂಥ ಪ್ರೋಗ್ರಾಂಗಳಿವೆ, ಕೇಳದೆಯೇ ಕಣ್ಣು ದೊಡ್ಡದು ಮಾಡುತ್ತವೆ, ಕೇಳದೆಯೇ ಬೆಳ್ಳಗೆ ಮಾಡುತ್ತವೆ. ಸಂಬಳಕ್ಕೆ ಇಟ್ಟುಕೊಂಡ ಹುಡುಗಿಯೊಬ್ಬಳು ಅದನ್ನು ನೋಡಿಕೊಳ್ಳುತ್ತಾಳೆ. ನಾನಿರುವ ಹಳೆಯ ಯಂತ್ರ ಒಳಕೋಣೆಯಲ್ಲಿ ಬಟ್ಟೆ ಹೊದ್ದು ಕೂತಿದೆ. ಬಿದರಳ್ಳಿ ಮಾಸ್ತರರು ತೀರಿಕೊಂಡರಂತೆ. ಅವರ ಹಾರವನ್ನು ಬಿಡಿಸುವ ಭಾಗ್ಯವೂ ನನ್ನದಾಗಲಿಲ್ಲ.

ಮೊನ್ನೆ ಪಾಂಡುರಂಗರು ಬಟ್ಟೆ ತೆಗೆದರು. ಯಮುನಾ ಹೊಲಿಗೆ ಕಲಿಸುವ ಕೆಲಸಕ್ಕೆ ಅರ್ಜಿ ಹಾಕುವವಳು. ಮಗಳ ಫೋಟೊವನ್ನು ತಾನೇ ಮಾಡಬೇಕೆಂಬ ಹಟ ಅವರದು. ಇಷ್ಟು ವರ್ಷ ನನ್ನ ಪಕ್ಕದಲ್ಲೇ ಕೂತವಳ ಮುಖವನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ನನಗೆ ಕಾಣುವುದು ನನ್ನೊಳಗೆ ಹಾಕಿದ್ದು ಮಾತ್ರ; ಉಳಿದದ್ದೆಲ್ಲ ಅವರಿವರ ಮಾತಿನಿಂದ ಕೇಳಿ ತಿಳಿದದ್ದು. ಅಂದು ಮೊದಲ ಸಲ ಕಂಡೆ. ಹೊಸ ಮುಖ ಅನ್ನಿಸಲಿಲ್ಲ. ಒಳಗೆ ಹೋದ ಆ ಗಲ್ಲ, ಕಣ್ಣ ಕೆಳಗಿನ ಆ ಕಪ್ಪು, ಕಿವಿಯ ಮೇಲಿನ ಆ ಬಿಳಿ, ಒಂದೊಂದೂ ನನಗೆ ಗುರುತಿದ್ದವು. ಅವನ್ನೆಲ್ಲ ಪಾಡ್ಯಕ್ಕೊಮ್ಮೆ ನಾನು ಬೇರೊಬ್ಬನ ಮುಖಕ್ಕೆ ಹಚ್ಚಿದ್ದೆ.

ಪಾಂಡುರಂಗರೂ ಕಂಡಿರಬೇಕು. ಕಣ್ಣಿನ ಸಾಲನ್ನು ಅರ್ಧ ಬರೆದು ನಿಲ್ಲಿಸಿ ಕೇಳಿದರು:

"ಕಣ್ಣ ಕೆಳಗ ಸ್ವಲ್ಪ ತಿಳಿ ಮಾಡ್ಲೇನವ್ವಾ?"

"ಬ್ಯಾಡಪ್ಪಾ," ಅಂದಳು ಯಮುನಾ. "ಅದು ನಂದು. ನನ್ನ ಮಾರಿ ಮ್ಯಾಲ ಇರಲಿ."