ಅರ್ಧ ಶಟರ್

ಭಾನುವಾರದ ಆ ಗುಂಪಿಗೆ ಹೆಸರಿರಲಿಲ್ಲ. ಲಕ್ಷ್ಮೀಪುರಂನ ಒಂದು ಟ್ಯೂಷನ್ ಸೆಂಟರಿನ ಮಹಡಿಯಲ್ಲಿ, ಪಿಯುಸಿ ಮಕ್ಕಳು ಬರದ ಹೊತ್ತು ನೋಡಿಕೊಂಡು, ಏಳೆಂಟು ಜನ ಸೇರುತ್ತಿದ್ದರು. ಅಲ್ಲಿ ಪಾಠ ಹೇಳುವ ಮೋಹನ್ ಬೀಗ ತೆಗೆದುಕೊಡುತ್ತಿದ್ದ. ಉಳಿದವರೆಲ್ಲ ಗಣಿತ, ಭೌತಶಾಸ್ತ್ರ, ಅರ್ಥಶಾಸ್ತ್ರ ಎಂದು ಬೇರೆ ಬೇರೆ ಕಡೆ ಸಂಶೋಧನೆ ಮಾಡುತ್ತಿದ್ದವರು. ಇರುವೆಗಳ ಸಾಲು, ಜ್ವರ ಹಬ್ಬುವ ಬಗೆ, ಸರ್ಕಲ್ಲಿನಲ್ಲಿ ಗಾಡಿಗಳು ಒಂದಕ್ಕೊಂದು ಸಿಕ್ಕಿಕೊಳ್ಳುವ ಬಗೆ, ಹೀಗೆ ಬಿಡಿಯಾಗಿ ನೋಡಿದರೆ ಸರಳವಾಗಿದ್ದು ಗುಂಪಾದ ಕೂಡಲೇ ಕೈಗೆ ಸಿಗದಂಥವನ್ನು ಲೆಕ್ಕದಲ್ಲಿ, ಕಂಪ್ಯೂಟರಿನಲ್ಲಿ ಹಿಡಿಯುವುದು ಹೇಗೆಂದು ಒಬ್ಬರಿಗೊಬ್ಬರು ಕಲಿಸಿಕೊಳ್ಳುತ್ತಿದ್ದರು. ಮೇಷ್ಟ್ರು ಅಂತ ಯಾರೂ ಇಲ್ಲ. ವಾರಕ್ಕೊಬ್ಬರು ಬೋರ್ಡಿನ ಮುಂದೆ ನಿಲ್ಲುತ್ತಿದ್ದರು.

ಇದ್ದದ್ದು ಒಂದೇ ಕಟ್ಟಳೆ, ಅದನ್ನು ತಂದವಳು ಸಿಂಚನ. ಪ್ರಶ್ನೆ ಕೇಳಿದವರು ಎದ್ದು ಬಂದು ಲ್ಯಾಪ್‌ಟಾಪಿನ ಮುಂದೆ ಕೂರಬೇಕು. ಕೇಳಿದ್ದನ್ನು ತಾವೇ ಪ್ರೋಗ್ರಾಮಿನೊಳಗೆ ಬರೆದು, ಓಡಿಸಿ, ಎಲ್ಲರಿಗೂ ತೋರಿಸಬೇಕು. ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ ಎಂದು ಅವಳು ವಾದಿಸಿದ್ದಳು, ಎಲ್ಲರೂ ಒಪ್ಪಿದ್ದರು. ಆದದ್ದೇ ಬೇರೆ. ಜನ ಪ್ರಶ್ನೆ ಕೇಳುವುದನ್ನೇ ಬಿಟ್ಟರು. ತಿಳಿದವರೂ ತಲೆಯಾಡಿಸಿದರು, ತಿಳಿಯದವರೂ ತಲೆಯಾಡಿಸಿದರು. ಹೊರಗಿನಿಂದ ನೋಡಿದವರಿಗೆ ಇಷ್ಟು ಚುರುಕಾದ ಗುಂಪು ಊರಲ್ಲೇ ಇಲ್ಲ ಅನ್ನಿಸಬೇಕು, ಹಾಗೆ.

ಆ ಭಾನುವಾರ ಸಿಂಚನಳದ್ದೇ ಸರದಿ. ಅವಳಿಗೆ ಬೇಕಾಗಿದ್ದುದೂ ಆ ತಲೆಯಾಟವೇ. ಗುರುವಾರ ಅವಳ ವಿಭಾಗದಲ್ಲಿ, ಪಿಎಚ್.ಡಿ. ಪ್ರಬಂಧ ಸಲ್ಲಿಸುವುದಕ್ಕೆ ಮುಂಚಿನ ಕೊನೆಯ ಮಂಡನೆಯಿತ್ತು. ಅದೊಂದು ದಾಟಿದರೆ ಮಿಕ್ಕಿದ್ದೆಲ್ಲ ಬೈಂಡಿಂಗ್ ಅಂಗಡಿಯವನ ಕೆಲಸ. ಅವಳ ತಾಯಿ ಕೆಂಚಮ್ಮ ಕೆಸರೆಯ ಬೀದಿಗೆಲ್ಲ ಸುದ್ದಿ ಹೇಳಿಯಾಗಿತ್ತು. ಮಗಳು ಡಾಕ್ಟರಾಗುತ್ತಾಳೆಂದು ಕೇಳಿದ ಎದುರು ಮನೆಯಾಕೆ ಆಗಲೇ ಮಂಡಿನೋವಿಗೆ ಏನು ತಗೊಳ್ಳಲಿ ಎಂದು ವಿಚಾರಿಸಿದ್ದಳು.

ಸಿಂಚನಳ ವಿಷಯ ಬಂದ್. ಬಂದ್ ಕರೆ ಬಂದ ದಿನ ಒಂದು ಬೀದಿಯ ಅಂಗಡಿಗಳು ಹೇಗೆ ಮುಚ್ಚುತ್ತವೆ? ಅವಳ ಲೆಕ್ಕದಲ್ಲಿ ಪ್ರತಿ ಅಂಗಡಿಗೂ ಎರಡೇ ಸ್ಥಿತಿ, ತೆರೆದದ್ದು ಅಥವಾ ಮುಚ್ಚಿದ್ದು. ಅಂಗಡಿಯವನು ಅಕ್ಕಪಕ್ಕ ನೋಡುತ್ತಾನೆ. ಮುಚ್ಚಿದವರು ಇಷ್ಟು ಜನ ಎಂದಾದ ಮೇಲೆ ತಾನೂ ಮುಚ್ಚುತ್ತಾನೆ. ಮೊದಲು ಮುಚ್ಚಿದವರ ಸಂಖ್ಯೆಯನ್ನು ಒಂದೊಂದಾಗಿ ಹೆಚ್ಚಿಸುತ್ತ ಹೋದರೆ ಬಹಳ ಹೊತ್ತು ಬೀದಿಗೆ ಏನೂ ಆಗುವುದಿಲ್ಲ. ಆಮೇಲೆ ಇನ್ನೊಬ್ಬನೇ ಒಬ್ಬ ಸೇರಿಕೊಂಡ ಗಳಿಗೆಯಲ್ಲಿ ಇಡೀ ಬೀದಿ ಧಡಕ್ಕನೆ ಮುಚ್ಚಿಹೋಗುತ್ತದೆ. ಪರದೆಯ ಮೇಲೆ ಗೆರೆ ಮಟ್ಟಸವಾಗಿ ಹೋಗಿ ಒಮ್ಮೆಲೇ ಗೋಡೆಯಂತೆ ಎದ್ದು ನಿಂತಿತ್ತು. ವಿಶ್ವವಿದ್ಯಾಲಯದಲ್ಲಿ ನೋಂದಾಯಿಸಿದ ಪ್ರಬಂಧದ ಹೆಸರಿನಲ್ಲೇ ‘ಹಠಾತ್’ ಎಂಬ ಮಾತಿತ್ತು. ಹೋದ ಬಂದ್‌ನ ದಿನ ಅವಳು ಸ್ಕೂಟರಿನಲ್ಲಿ ಬೀದಿಗಳನ್ನು ಸುತ್ತಿ ಎಣಿಸಿಕೊಂಡು ಬಂದದ್ದಕ್ಕೂ ಈ ಗೋಡೆ ಸರಿಯಾಗಿ ಹೊಂದುತ್ತಿತ್ತು.

ಎಲ್ಲರೂ ತಲೆಯಾಡಿಸಿದರು. ಸಿಂಚನ ಬೋರ್ಡು ಒರೆಸಲು ತಿರುಗಿದಳು.

“ಸಿಂಚು, ಒಂದ್ನಿಮಿಷ,” ಅಂದಳು ರೋಸ್‌ಮೇರಿ. ಅವಳು ಅರ್ಥಶಾಸ್ತ್ರದವಳು; ಅಪ್ಪ ಮತ್ತು ಅಮ್ಮ ವಿಕ್ಟೋರಿಯಾ ಹೂಟಗಳ್ಳಿಯಲ್ಲಿ ಬೇಕರಿ ಇಟ್ಟಿದ್ದರು.

“ಕೇಳ್ಬೇಡ ಕಣೇ,” ಎಂದ ಪಕ್ಕದಲ್ಲಿದ್ದ ಸ್ವರೂಪ್. ಭೌತಶಾಸ್ತ್ರದ ಅವನಿಗೆ ಪ್ರಶ್ನೆಗಳ ಮೇಲೆ ನಂಬಿಕೆ ಹೋಗಿ ಬಹಳ ಕಾಲವಾಗಿತ್ತು. “ಎದ್ದೋಗಿ ಕೂರ್ಬೇಕಾಗುತ್ತೆ. ಕಾಫಿ ಟೈಮು.”

“ಸುಮ್ನಿರೋ. ಸಿಂಚು, ಅರ್ಧ ಶಟರ್ ಎಲ್ಲಿ?”

“ಯಾವ ಅರ್ಧ ಶಟರ್?”

“ಬಂದ್ ದಿನ ಎಲ್ರೂ ಅರ್ಧ ಎಳ್ದು ಇಟ್ಕೊಂಡಿರ್ತಾರಲ್ಲ, ಅದು. ನೀನು ಎಣಿಸ್ದಾಗ ಅದನ್ನ ಏನಂತ ಬರ್ಕೊಂಡೆ?”

“ಮುಚ್ಚಿದ್ದು ಅಂತ.”

“ಯಾಕೆ?”

“ಶಟರ್ ಕೆಳಗಿತ್ತಲ್ಲೇ.”

“ಅವತ್ತು ನಮ್ಮಮ್ಮ ದಿನಕ್ಕಿಂತ ಜಾಸ್ತಿ ಬ್ರೆಡ್ ಮಾರಿದ್ರು ಕಣೇ. ಜನ ಬಗ್ಗಿ ಬಗ್ಗಿ ಒಳಗ್ ಬರ್ತಿದ್ರು. ನಮ್ಮಪ್ಪ ಅಂತೂ, ಬಂದ್ ದಿನ ಎಲ್ರೂ ವಿಕ್ಟೋರಿಯಾಗೆ ತಲೆ ಬಗ್ಸೇ ಬರ್ಬೇಕು ಅಂತ ರೇಗಿಸ್ತಿದ್ರು.”

ಎಲ್ಲರೂ ನಕ್ಕರು. ಸಿಂಚನಳೂ ನಕ್ಕಳು. ನಗು ಮುಗಿಯುವಷ್ಟರಲ್ಲಿ ಅವಳ ಕಣ್ಣು ಪರದೆಯ ಮೇಲಿನ ಗೋಡೆಗೆ ಹೋಯಿತು.

“ಅದು ದೊಡ್ಡ ವ್ಯತ್ಯಾಸ ಮಾಡಲ್ಲ,” ಅಂದಳು. “ಬಂದ್ ಕರೆದೋರ ಕಣ್ಣಿಗೆ ಅದು ಮುಚ್ಚಿದ್ದೇ.”

“ಅವರಿಗೆ ಮುಚ್ಚಿದ್ದು. ಗಿರಾಕಿಗೆ ತೆಗ್ದಿದ್ದು. ಪಕ್ಕದಂಗಡಿಯವನಿಗೆ?”

ಮೋಹನ್ ಬಾಗಿಲ ಹತ್ತಿರದಿಂದ, “ಅವ್ನಿಗೆ ಧೈರ್ಯ ಕಣ್ರೀ. ಅವನೇ ಅರ್ಧ ಇಟ್ಕೊಂಡವ್ನೆ, ನಂಗೇನಾಗುತ್ತೆ ಅಂತಾನೆ,” ಎಂದ.

“ಬಾ, ಕೂತ್ಕೊ,” ಅಂದಳು ಸಿಂಚನ ರೋಸ್‌ಮೇರಿಗೆ. ಕಟ್ಟಳೆ ಅವಳದ್ದೇ, ಬೇರೆ ಏನು ಹೇಳಲಿಕ್ಕೂ ಬರುತ್ತಿರಲಿಲ್ಲ.

ರೋಸ್‌ಮೇರಿ ಎರಡೇ ಬೆರಳಿನಲ್ಲಿ, ತಪ್ಪು ಮಾಡುತ್ತ, ಅಳಿಸುತ್ತ ಬರೆದಳು. ಮೂರನೆಯ ಸ್ಥಿತಿಯೊಂದು ಸೇರಿತು. ಪಕ್ಕದವರು ಮುಚ್ಚತೊಡಗಿದರೆ ಅಂಗಡಿಯವನು ಮೊದಲು ಅರ್ಧ ಎಳೆಯುತ್ತಾನೆ. ಅರ್ಧ ಎಳೆದವನು ಪಕ್ಕದವನನ್ನು ಹೆದರಿಸುವುದಿಲ್ಲ. ಅವಳು ಒಂದು ಕಡೆ ಎಡವಿದಾಗ ಸಿಂಚನಳೇ ಬಗ್ಗಿ ಒಂದು ಆವರಣ ಚಿಹ್ನೆ ಸರಿಮಾಡಿದಳು. ತಪ್ಪನ್ನು ಹಾಗೇ ಬಿಟ್ಟಿದ್ದರೆ ಪ್ರೋಗ್ರಾಂ ಓಡುತ್ತಲೇ ಇರಲಿಲ್ಲ ಎಂಬುದು ಅವಳಿಗೆ ಆಮೇಲೆ ಹೊಳೆಯಿತು.

ಓಡಿತು. ಗೋಡೆ ಇರಲಿಲ್ಲ. ಗೆರೆ ಎಡಗಡೆಯಿಂದ ಮೆಲ್ಲಗೆ ಏರುತ್ತ, ನಡುವೆ ಒಂದಿಷ್ಟು ಬಾಗಿ, ಬೆಟ್ಟದ ಬುಡದ ಇಳಿಜಾರಿನಂತೆ ಬಲಕ್ಕೆ ಮುಟ್ಟಿತ್ತು. ಯಾವ ಒಬ್ಬ ಅಂಗಡಿಯವನಿಂದಲೂ ಬೀದಿ ಮಗುಚಿಕೊಳ್ಳುತ್ತಿರಲಿಲ್ಲ. ಸಂಖ್ಯೆ ಬದಲಿಸಿ ಮತ್ತೆ ಓಡಿಸಿದರು. ಮತ್ತೂ ಇಳಿಜಾರೇ.

ಹಾಗಾದರೆ ಅವಳು ಎಣಿಸಿ ತಂದದ್ದು ಗೋಡೆಗೆ ಹೇಗೆ ಹೊಂದಿತ್ತು? ಅರ್ಧವನ್ನೆಲ್ಲ ಮುಚ್ಚಿದ್ದಕ್ಕೆ ಸೇರಿಸಿ ಎಣಿಸಿದ್ದರಿಂದ ಹೊಂದಿತ್ತು. ಇಷ್ಟು ದಿನ ಅವಳ ಎಣಿಕೆ ಅವಳ ಲೆಕ್ಕಕ್ಕೆ, ಲೆಕ್ಕ ಎಣಿಕೆಗೆ, ಪರಸ್ಪರ ಸಾಕ್ಷಿ ಹೇಳಿಕೊಂಡು ಬಂದಿದ್ದವು.

“ಇದಕ್ಯಾಕೆ ತಲೆ ಕೆಡಿಸ್ಕೊತೀಯ?” ಎಂದ ಸ್ವರೂಪ್. “ಅರ್ಧ ಮುಚ್ಚಿದ್ದನ್ನ ಮುಚ್ಚಿದ್ದು ಅಂತಲೇ ಪರಿಗಣಿಸಲಾಗಿದೆ ಅಂತ ಒಂದು ಅಡಿಟಿಪ್ಪಣಿ ಹಾಕು. ಅಡಿಟಿಪ್ಪಣಿ ಓದಿ ಸತ್ತೋರು ಯಾರಿದಾರೆ?”

“ಸಾರಿ ಕಣೇ,” ಅಂದಳು ರೋಸ್‌ಮೇರಿ. “ಗುರುವಾರ ಆದ್ಮೇಲೆ ಕೇಳ್ಬೇಕಿತ್ತು.”

ಸಿಂಚನ ಫೋನು ಹಿಡಿದು ಕೆಳಗಿಳಿದಳು. ಬೀದಿಯಲ್ಲಿ ಚರ್ಚಿನಿಂದ ಬರುವವರು, ಹೋಟೆಲಿಗೆ ಹೋಗುವವರು. ಮಾರ್ಗದರ್ಶಕ ವಾಗೀಶ ಸರ್ ಭಾನುವಾರ ಫೋನ್ ಎತ್ತುವವರಲ್ಲ, ಅವತ್ತು ಎತ್ತಿದರು. ಅವಳು ಎಲ್ಲ ಹೇಳಿದಳು. ಅವರು ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು.

“ನೋಡಮ್ಮ, ನೀನು ಹೇಳೋದು ಸರಿ ಇರ್ಬೋದು. ಪ್ರಬಂಧದ ಹೆಸರಲ್ಲೇ ಹಠಾತ್ ಅಂತಿದೆ. ಅದನ್ನ ಬದಲಾಯಿಸ್ಬೇಕು ಅಂದ್ರೆ ಕಮಿಟಿ ಮತ್ತೆ ಕೂರ್ಬೇಕು. ಕಮಿಟಿ ಯಾವಾಗ ಕೂರುತ್ತೆ ಅಂತ ಲೆಕ್ಕ ಹಾಕೋ ಗಣಿತ ಇನ್ನೂ ಹುಟ್ಟಿಲ್ಲ. ಸುಮ್ನೆ ಗುರುವಾರ ಮುಗಿಸ್ಬುಡು. ಅರ್ಧ ಶಟರ್ ಬಗ್ಗೆ ಯಾರು ಕೇಳ್ತಾರೆ?”

ಯಾರೂ ಕೇಳುವುದಿಲ್ಲ. ಅದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ವಿಭಾಗದ ಹಾಲ್, ಮುಂದಿನ ಸಾಲು, ಒಬ್ಬರ ತಲೆ ನೋಡಿ ಇನ್ನೊಬ್ಬರದು ಆಡುವುದು, ಎಲ್ಲ ಕಣ್ಣಿಗೆ ಕಟ್ಟಿತು. ಗೋಡೆಯ ಚಿತ್ರ ಎದ್ದು ನಿಂತಾಗ ಯಾರೋ ಒಬ್ಬರು ‘ಭೇಷ್’ ಅನ್ನುತ್ತಾರೆ. ಅವಳು ನಮಸ್ಕರಿಸುತ್ತಾಳೆ. ಮುಂದೆ ತನ್ನ ಹೆಸರಿನ ಹಿಂದೆ ಆ ಗೋಡೆ ಸದಾ ನಿಂತಿರುತ್ತದೆ, ಅದು ಇಲ್ಲವೆಂದು ತನಗೆ ಗೊತ್ತಿರುತ್ತದೆ. ಇದರಲ್ಲಿ ನಾಚಿಕೆಗಿಂತ ಅವಳನ್ನು ಕಾಡಿದ್ದು ಬೇಸರ. ಇಲ್ಲದ ಗೋಡೆಯ ಬಗ್ಗೆ ಜೀವಮಾನವಿಡೀ ಮಾತಾಡುತ್ತಿರಬೇಕಲ್ಲ ಎಂಬ ಬೇಸರ.

“ಗುರುವಾರ ಬೇಡ ಸರ್,” ಅಂದಳು.

ಆ ಕಡೆ ತಟ್ಟೆಯೋ ಲೋಟವೋ ಇಟ್ಟ ಸದ್ದು. “ಒಂದು ವರ್ಷ ಹೋಗುತ್ತೆ ಸಿಂಚನ. ಫೆಲೋಶಿಪ್ಪೂ ನಿಲ್ಲುತ್ತೆ. ಗೊತ್ತಲ್ಲ?”

“ಗೊತ್ತು ಸರ್.”

“ಸರಿ, ನಿನ್ನಿಷ್ಟ. ವಿಭಾಗಕ್ಕೆ ಇವತ್ತೇ ಬರಿ. ಹುಷಾರಿಲ್ಲ ಅಂತ ಬರೆದ್ಬುಡು. ಅದಕ್ಕೆ ಯಾರೂ ಏನೂ ಅನ್ನಲ್ಲ.”

ಅವಳು ಕಾಂಪೌಂಡಿಗೆ ಒರಗಿ ನಿಂತು ಮೇಲ್ ಬರೆಯತೊಡಗಿದಳು. ಮಾನ್ಯರೇ, ಗುರುವಾರದ ಮಂಡನೆಯನ್ನು ಮುಂದೂಡಬೇಕಾಗಿ ವಿನಂತಿ. ಕಾರಣ ಬರೆಯುವಲ್ಲಿಗೆ ಬಂದಾಗ ಬೆರಳು ನಿಂತಿತು. ಜ್ವರ ಎಂದು ಬರೆದು ಅಳಿಸಿದಳು. ‘ಅನಿವಾರ್ಯ’ ಎಂದು ಬರೆದು ಅದನ್ನೂ ಅಳಿಸಿದಳು. ಕೊನೆಗೆ, ಲೆಕ್ಕ ತಪ್ಪಿದೆ, ಎಂದು ಬರೆದಳು. ಬರೆದದ್ದು ತೀರ ಚಿಕ್ಕದಾಗಿ ಕಂಡಿತು. ಇನ್ನೊಂದು ಸಾಲು ಸೇರಿಸಿದರೆ ಅದು ವಿವರಣೆಯಾಗುತ್ತದೆ, ಎರಡು ಸೇರಿಸಿದರೆ ಸಮಜಾಯಿಷಿಯಾಗುತ್ತದೆ. ಹಾಗೆಯೇ ಕಳಿಸಿದಳು.

ಮೇಲಿನ ಕಿಟಕಿಯಿಂದ ಸ್ವರೂಪನ ದನಿ ಕೇಳಿಸುತ್ತಿತ್ತು. ಗೆರೆ ನಡುವೆ ಯಾಕೆ ಬಾಗಿದೆ ಎಂಬುದಕ್ಕೆ ಅವನೂ ರೋಸ್‌ಮೇರಿಯೂ ಜಗಳಕ್ಕೆ ಬಿದ್ದಿದ್ದರು. ಇಬ್ಬರೂ ಹೇಳುತ್ತಿದ್ದುದು ತಪ್ಪು ಎಂದು ಅವಳಿಗೆ ಮೆಟ್ಟಿಲ ಬುಡದಲ್ಲೇ ಗೊತ್ತಾಯಿತು. ಸರಿ ಯಾವುದೆಂದು ಮಾತ್ರ ಗೊತ್ತಿರಲಿಲ್ಲ. ಹತ್ತತೊಡಗಿದಳು.