ಆರಲು ಕಲಿಯದ ಜ್ವಾಲೆ

ಸುಮ್ಮನೆ ಕೂರುವುದು ಅವಳ ಹಣೆಯಲ್ಲೇ ಬರೆದಿರಲಿಲ್ಲ. ಕುರ್ಚಿಯಲ್ಲಿ ಕೂತರೆ ಕಾಲು ಅಲ್ಲಾಡುತ್ತಿತ್ತು, ಕಾಲು ನಿಲ್ಲಿಸಿದರೆ ಬೆರಳು ಮೇಜು ಬಡಿಯುತ್ತಿತ್ತು, ಬೆರಳನ್ನೂ ಹಿಡಿದಿಟ್ಟರೆ ಬಾಯಿ ಶುರುವಾಗುತ್ತಿತ್ತು. ವಿದ್ಯಾರ್ಥಿಗಳು ಅವಳಿಗೆ ಪಾದರಸ ಮೇಡಂ ಎಂದು ಹೆಸರಿಟ್ಟಿದ್ದರು. ಆ ಹೆಸರು ಅವಳ ಕಿವಿಗೆ ಬಿದ್ದಿತ್ತು. ಬಿದ್ದಿದೆ ಎಂದು ಅವರಿಗೂ ಗೊತ್ತಿತ್ತು. ಏನೂ ಗೊತ್ತಿಲ್ಲದವರ ಹಾಗೆ ಎರಡೂ ಕಡೆಯವರು ನಾಟಕವಾಡಿಕೊಂಡು ಚೆನ್ನಾಗಿಯೇ ಇದ್ದರು.

ಇವತ್ತಂತೂ ಕೇಳುವುದೇ ಬೇಡ. ತರಿಸಿಕೊಂಡ ಚಹಾ ಹಾಗೇ ತಣ್ಣಗಾಗಿತ್ತು. ಕಿಟಕಿಯ ಹತ್ತಿರ ಹೋಗುವುದು, ಕಾರು ನಿಲ್ಲಿಸುವ ಜಾಗದ ಆಚೆಗಿನ ತಗಡಿನ ಶೆಡ್ಡನ್ನು ನೋಡುವುದು, ವಾಪಸು ಬಂದು ಕೂರುವುದು, ಮತ್ತೆ ಏಳುವುದು. ಆ ಶೆಡ್ಡಿನಲ್ಲಿ ಇವತ್ತು ಹೊಸ ಬರ್ನರಿನ ಪರೀಕ್ಷೆ. ಕೆಳಗಿನ ಸಭಾಂಗಣದಲ್ಲಿ ಹಣ ಮಂಜೂರು ಮಾಡುವ ಅತಿಥಿಗಳು ಬಂದು ಕೂತಿದ್ದರು. ಅವರು ಹೂಂ ಎಂದರೆ ಹೊಸ ಸಂಶೋಧನಾ ಕೇಂದ್ರ ಆಗುತ್ತದೆ, ಅದಕ್ಕೆ ಅವಳೇ ಮುಖ್ಯಸ್ಥೆ. ಉಹೂಂ ಎಂದರೆ ಇದೇ ಕೋಣೆ, ಇದೇ ಕಿರುಗುಟ್ಟುವ ಕುರ್ಚಿ, ಇದೇ ತಣ್ಣಗಿನ ಚಹಾ.

ಬೆಂಕಿ ಹೇಗೆ ಉರಿಯುತ್ತದೆ ಎಂದು ಲೆಕ್ಕ ಹಾಕುವುದು ಅವಳ ಕಸುಬು. ಮದುವೆಯಾದ ಹೊಸದರಲ್ಲಿ ಅವಳ ಅತ್ತೆ, "ಕಡ್ಡಿ ಗೀರಿದ್ರೆ ಉರಿಯುತ್ತಮ್ಮ, ಅದರಲ್ಲಿ ಲೆಕ್ಕ ಏನು ಬಂತು?" ಎಂದು ಕೇಳಿದ್ದರು. ಪ್ರಶ್ನೆ ಸರಿಯಾಗಿಯೇ ಇತ್ತು. ಆದರೆ ಒಂದು ಬೆಂಕಿಕಡ್ಡಿಯ ಜ್ವಾಲೆಯೊಳಗೆ ನೂರಾರು ರಾಸಾಯನಿಕ ಕ್ರಿಯೆಗಳು ಕಣ್ಣು ಮಿಟುಕಿಸುವುದರೊಳಗೆ ನಡೆದು ಮುಗಿಯುತ್ತವೆ. ಅಷ್ಟನ್ನೂ ಹಿಂಬಾಲಿಸಲು ದೊಡ್ಡ ಕಂಪ್ಯೂಟರುಗಳು ವಾರಗಟ್ಟಲೆ ಹೆಣಗಬೇಕು. ಹೆಣಗಿದರೂ ಗ್ಯಾರಂಟಿ ಇಲ್ಲ. ಲೆಕ್ಕದೊಳಗಿನ ಜ್ವಾಲೆ ಬಡಕಲಾಗಿ ಇನ್ನೇನು ಆರುತ್ತದೆ ಎನ್ನುವಾಗ ಅಂಕಿಗಳಿಗೆ ಹುಚ್ಚು ಹಿಡಿಯುತ್ತದೆ, ಪರದೆಯ ಮೇಲೆ ಕೆಂಪು ಅಕ್ಷರ ಬಂದು ಎಲ್ಲ ನಿಂತುಹೋಗುತ್ತದೆ. ಪಿಎಚ್‌ಡಿ ಮಾಡುವಾಗ ಒಂದು ತಿಂಗಳು ಓಡಿದ ಲೆಕ್ಕ ಹೀಗೆ ಮುಗಿಯುವ ಹೊತ್ತಿಗೆ ಸತ್ತಿತ್ತು. ಅವಳು ಬಚ್ಚಲಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತಿದ್ದಳು. ಅಂದಿನಿಂದ ಆರಿದ ಜ್ವಾಲೆ ಎಂದರೆ ಅವಳಿಗೆ ಸವತಿಯನ್ನು ಕಂಡ ಹಾಗೆ.

ಕೃತಕ ಬುದ್ಧಿಮತ್ತೆ ಬಂದಾಗ ಅವಳು ಅದನ್ನು ಎರಡೂ ಕೈಯಲ್ಲಿ ಬಾಚಿಕೊಂಡಳು. ಹಳೆಯ ಲೆಕ್ಕಗಳನ್ನೆಲ್ಲ ಉದಾಹರಣೆಗಳೆಂದು ಯಂತ್ರಕ್ಕೆ ತೋರಿಸಿದರೆ ಸಾಕು, ಅದು ನೋಡಿ ನೋಡಿ ಕಲಿಯುತ್ತದೆ. ಆಮೇಲೆ ವಾರಗಟ್ಟಲೆಯ ಉತ್ತರವನ್ನು ಒಂದು ಉಸಿರಿನಲ್ಲಿ ಹೇಳುತ್ತದೆ. ವಿದ್ಯಾರ್ಥಿಗಳು ಅದಕ್ಕೆ ಜಾಣೆ ಎಂದು ಹೆಸರಿಟ್ಟರು. ಜಾಣೆಯಿಂದ ಅವಳ ಹೆಸರು ನಾಲ್ಕು ಕಡೆ ಓಡಾಡಿತು. ಇವತ್ತಿನ ಬರ್ನರ್ ಕೂಡ ಜಾಣೆ ಹೇಳಿಕೊಟ್ಟ ಆಕಾರದ್ದೇ. ಬಹಳ ಕಡಿಮೆ ಅನಿಲದಲ್ಲೂ ಆರದೆ ಉರಿಯುವುದೇ ಅದರ ಹೆಚ್ಚುಗಾರಿಕೆ.

ಆ ಶೆಡ್ಡಿನಲ್ಲಿ ಬರ್ನರ್ ನಡೆಸುತ್ತಿದ್ದವನು ಅವಳ ಸ್ವಂತ ತಮ್ಮ. ಅವನಿಗೆ ಅಕ್ಕ ಎಂದರೆ ಎಲ್ಲಿಲ್ಲದ ಹೆಮ್ಮೆ. ತನ್ನ ಮೇಜಿನ ಮುಂದೆ ಜಾಣೆಯ ದೊಡ್ಡ ಪರದೆ ಹಾಕಿಸಿಕೊಂಡಿದ್ದ. ಅನಿಲದ, ಗಾಳಿಯ ಅಳತೆಗಳು ಜಾಣೆಗೆ ಹೋಗುತ್ತಿದ್ದವು, ಕಬ್ಬಿಣದ ಪೆಟ್ಟಿಗೆಯೊಳಗೆ ಬೆಂಕಿ ಹೇಗಿದೆ ಎಂದು ಅದು ಚಿತ್ರ ಬಿಡಿಸಿ ತೋರಿಸುತ್ತಿತ್ತು. ಬಂದವರನ್ನೆಲ್ಲ ಅದರ ಮುಂದೆ ನಿಲ್ಲಿಸಿ, "ನಮ್ಮಕ್ಕ ಮಾಡಿದ್ದು" ಎನ್ನದೆ ಅವನು ಯಾರನ್ನೂ ಬಿಡುತ್ತಿರಲಿಲ್ಲ. ಅದೇ ಚಿತ್ರ ಇವತ್ತು ಸಭಾಂಗಣದ ಗೋಡೆಯ ಮೇಲೂ ಮೂಡುತ್ತಿತ್ತು.

ಪರೀಕ್ಷೆ ಶುರುವಾಗಿತ್ತು. ಅನಿಲವನ್ನು ಹಂತ ಹಂತವಾಗಿ ಇಳಿಸುತ್ತಾ ಹೋಗಿ, ಕಟ್ಟಕಡೆಯ ಹಂತದಲ್ಲಿ ಅದೇ ಪೆಟ್ಟಿಗೆಯೊಳಗೆ ಪಕ್ಕದಲ್ಲಿರುವ ಎರಡನೇ ಬರ್ನರಿಗೆ ಕಿಡಿ ಕೊಟ್ಟು ಹೊತ್ತಿಸುವುದು ಕಾರ್ಯಕ್ರಮ. ಅವಳು ಕೆಳಗೆ ಹೋಗಿ ಮುಂದಿನ ಸಾಲಿನಲ್ಲಿ ನಗುನಗುತ್ತಾ ಕೂರಬೇಕಿತ್ತು. ಹೋಗಲು ಮನಸ್ಸಾಗದೆ, ಕೈ ಸುಮ್ಮನಿರದೆ, ತನ್ನ ಕಂಪ್ಯೂಟರಿನಲ್ಲಿ ಜಾಣೆಯನ್ನು ತೆರೆದು ಆಟವಾಡತೊಡಗಿದಳು. ಇವತ್ತಿನ ಕಡೆಯ ಹಂತದಷ್ಟಕ್ಕೆ ಅನಿಲ ಇಳಿಸಿದಳು. ಜ್ವಾಲೆ ಸ್ವಲ್ಪ ತೆಳ್ಳಗಾಗಿ ನೀಲಿಯಾಗಿ ಉರಿಯಿತು. ಇನ್ನೂ ಇಳಿಸಿದಳು, ಉರಿಯಿತು. ಇನ್ನೂ ಇಳಿಸಿದಳು, ಆಗಲೂ ಉರಿಯಿತು. ಕೊನೆಗೆ ಅನಿಲವನ್ನು ಸೊನ್ನೆ ಮಾಡಿದಳು.

ಜ್ವಾಲೆ ಉರಿಯುತ್ತಲೇ ಇತ್ತು.

ಮೊದಲು ಅವಳಿಗೆ ನಗು ಬಂತು. ಬರೀ ಗಾಳಿ ಕುಡಿದು ಉರಿಯುವ ಬೆಂಕಿ! ಯೋಗಿಗಳೂ ನಾಚಬೇಕು. ನಗು ಅರ್ಧದಲ್ಲೇ ನಿಂತಿತು. ಅನಿಲ ಇಲ್ಲದಿದ್ದರೆ ಏನಾಗುತ್ತದೆ ಎಂದು ಇಷ್ಟು ದಿನ ಯಾರೂ ಜಾಣೆಯನ್ನು ಕೇಳಿರಲಿಲ್ಲ. ಉತ್ತರ ಎಲ್ಲರಿಗೂ ಗೊತ್ತಿದ್ದದ್ದೇ, ಕೇಳುವುದೇನು?

ಯಾಕೆ ಹೀಗೆ ಎಂದು ಹುಡುಕಲು ಅವಳು ದೂರ ಹೋಗಬೇಕಾಗಲಿಲ್ಲ. ಜಾಣೆಗೆ ಉದಾಹರಣೆಗಳನ್ನು ಆರಿಸುವಾಗ ಅವಳೇ ಒಂದು ನಿಯಮ ಮಾಡಿದ್ದಳು. ಕೆಂಪು ಅಕ್ಷರ ಬಂದು ನಿಂತುಹೋದ ಲೆಕ್ಕಗಳೆಲ್ಲ ಕಸದ ಬುಟ್ಟಿಗೆ. ಕೆಟ್ಟ ಲೆಕ್ಕ ತೋರಿಸಿ ಮಗುವಿನ ತಲೆ ಕೆಡಿಸಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳಿದ್ದಳು. ಅವರೂ ಮೇಡಂ ಹೇಳಿದ ಮೇಲೆ ಮುಗಿಯಿತು ಎಂದು ಶ್ರದ್ಧೆಯಿಂದ ಗುಡಿಸಿ ಹಾಕಿದ್ದರು. ಆದರೆ ಲೆಕ್ಕ ಕೆಡುತ್ತಿದ್ದದ್ದು ಯಾವಾಗ? ಜ್ವಾಲೆ ಆರುವ ಹೊತ್ತಿನಲ್ಲೇ. ಹಾಗಾಗಿ ಬುಟ್ಟಿಗೆ ಹೋದದ್ದು ಕಸವಲ್ಲ, ಆರಿದ ಜ್ವಾಲೆಗಳು ಒಂದೂ ಬಿಡದೆ. ಜಾಣೆ ಹುಟ್ಟಿದಂದಿನಿಂದ ಬೆಂಕಿ ಆರುವುದನ್ನೇ ಕಂಡಿರಲಿಲ್ಲ. ಬೆಂಕಿ ಎಂದರೆ ಉರಿಯುವುದು ಎಂದಷ್ಟೇ ಅದಕ್ಕೆ ಗೊತ್ತು.

ಹಾಗಾದರೆ ಆರದ ಬರ್ನರ್ ಎಂದು ಜಾಣೆ ಹೇಳಿದ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ.

ಶೆಡ್ಡಿಗೆ ಫೋನ್ ಮಾಡಿದಳು. ಗಂಟೆ ಬಡಿದೇ ಬಡಿಯಿತು, ಯಾರೂ ಎತ್ತಲಿಲ್ಲ. ಅಲ್ಲಿ ಗಾಳಿಯ ಯಂತ್ರಗಳ ಅಬ್ಬರದಲ್ಲಿ ಪಕ್ಕದವನ ಕಿವಿಗೇ ಕೂಗಬೇಕು. ಮೊಬೈಲನ್ನು ಒಳಗೆ ಒಯ್ಯುವ ಹಾಗಿಲ್ಲ. ಅವಳು ಮೆಟ್ಟಿಲಿಳಿದು ಸಭಾಂಗಣದ ಬಾಗಿಲಿಗೆ ಬಂದಳು. ಸಂಸ್ಥೆಯ ನಿರ್ದೇಶಕರು ಅವಳನ್ನು ಕಂಡದ್ದೇ ಮುಖ ಅರಳಿಸಿಕೊಂಡು ಹೊರಗೆ ಬಂದರು.

"ಎಲ್ಲಿ ಹೋಗಿದ್ರಿ ಮೇಡಂ? ಎಲ್ಲರೂ ನಿಮ್ಮನ್ನೇ ಕೇಳ್ತಿದ್ದಾರೆ. ಬನ್ನಿ, ಬನ್ನಿ."

"ಸರ್, ಪರೀಕ್ಷೆ ನಿಲ್ಲಿಸ್ಬೇಕು. ಜಾಣೆ ತಪ್ಪು ಹೇಳ್ತಿದ್ದಾಳೆ."

ನಿರ್ದೇಶಕರ ನಗು ಮುಖದ ಮೇಲೇ ಉಳಿಯಿತು, ದನಿ ಮಾತ್ರ ಕೆಳಗಿಳಿಯಿತು. "ಈಗಾ? ಅತಿಥಿಗಳ ಮುಂದೆ? ತಪ್ಪಿದ್ರೆ ನಾಳೆ ತಿದ್ದಿದ್ರಾಯ್ತು. ಇವತ್ತು ನಿಲ್ಲಿಸಿದ್ರೆ ಕೇಂದ್ರದ ಕಥೆ ಮುಗೀತು, ನಿಮ್ಮ ಕಥೆನೂ ಮುಗೀತು. ಇಷ್ಟು ವರ್ಷ ಒದ್ದಾಡಿದ್ದು ಇದಕ್ಕೇ ತಾನೇ?"

ಸುಳ್ಳು ಯಾಕೆ ಹೇಳಬೇಕು, ಒಂದು ಗಳಿಗೆ ಅವಳಿಗೂ ಹೌದೆನ್ನಿಸಿತು. ಜ್ವಾಲೆ ಆರಿದರೆ ಆರಲಿ, ಶೆಡ್ಡಿನಲ್ಲಿ ಅದಕ್ಕೆಂದೇ ಒಂದು ಕಾವಲು ಇದೆ. ಬೆಂಕಿಯ ಬೆಳಕನ್ನೇ ನೋಡುತ್ತಿರುವ ಸಣ್ಣ ಸಾಧನ, ಅದನ್ನು ಅಲ್ಲಿಯವರು ಕಣ್ಣು ಎನ್ನುತ್ತಾರೆ. ಬೆಂಕಿ ಕಾಣದಿದ್ದರೆ ಕಣ್ಣು ತಾನಾಗಿ ಅನಿಲ ಮುಚ್ಚುತ್ತದೆ. ಹೆಚ್ಚೆಂದರೆ ತನ್ನ ಮಾನ ಹೋದೀತು, ಯಾರ ಪ್ರಾಣವೂ ಹೋಗದು. ನಾಳೆ ನಿಧಾನವಾಗಿ, ಮರ್ಯಾದೆಯಾಗಿ, ಒಂದು ಸಣ್ಣ ತಿದ್ದುಪಡಿ ಎಂದು ಹೇಳಿಕೊಂಡರಾಯಿತು. ಆಸೆ ಎಷ್ಟು ಬೇಗ ದಾರಿ ಹುಡುಕುತ್ತದೆ ನೋಡಿ.

"ಹೇಗಿದ್ರೂ ಕಣ್ಣು ಇದೆಯಲ್ಲ," ಎಂದಳು, ಅರ್ಧ ತನಗೇ ಹೇಳಿಕೊಳ್ಳುವವಳ ಹಾಗೆ.

"ಅಯ್ಯೋ, ಅದರ ಕಾಟ ಕೇಳ್ಬೇಡಿ," ಎಂದರು ನಿರ್ದೇಶಕರು. "ಬೆಳಗ್ಗೆಯಿಂದ ಅನಿಲ ಕಡಿಮೆ ಮಾಡಿದಾಗಲೆಲ್ಲ ಬೆಂಕಿ ಇಲ್ಲ, ಬೆಂಕಿ ಇಲ್ಲ ಅಂತ ಮುಚ್ಚಿಬಿಡ್ತಿತ್ತಂತೆ, ಅದರ ಜೊತೆ ಪರದೆನೂ ನಿಂತುಹೋಗ್ತಿತ್ತಂತೆ. ಅದಕ್ಕೆ ಮುಂಚೆ ಪರದೆ ಮೇಲೆ ನೋಡಿದ್ರೆ ಚೆನ್ನಾಗಿ ಉರೀತಿತ್ತು! ನಿಮ್ಮ ತಮ್ಮನೇ ಅದರ ವೈರ್ ಬಿಚ್ಚಿ ಪಕ್ಕಕ್ಕಿಟ್ಟ. ಅಕ್ಕನ ಜಾಣೆ ಇರುವಾಗ ಈ ಕುರುಡುಗಣ್ಣು ಯಾಕೆ ಅಂದ. ನಾನೂ ಸರಿ ಅಂದೆ."

ಕಣ್ಣು ಸುಳ್ಳು ಹೇಳಿರಲಿಲ್ಲ.

ಬೆಂಕಿ ಆರಿ ಅನಿಲ ಮಾತ್ರ ಬರುತ್ತಿದ್ದರೆ ಆ ಕಬ್ಬಿಣದ ಪೆಟ್ಟಿಗೆ ಈಗ ತುಂಬಿಕೊಳ್ಳುತ್ತಿದೆ. ಕಡೆಯ ಹಂತಕ್ಕೆ ಬಂದ ಕೂಡಲೇ ತಮ್ಮ ಅದಕ್ಕೆ ಕಿಡಿ ಕೊಡುತ್ತಾನೆ. ಅದೂ ಪೆಟ್ಟಿಗೆಯ ಎದುರೇ ಕೂತು.

"ಮೇಡಂ, ಎಲ್ಲಿಗೆ?" ಎಂಬ ನಿರ್ದೇಶಕರ ದನಿ ಹಿಂದೆ ಉಳಿಯಿತು. ಅವಳು ಎದ್ದೆನೋ ಬಿದ್ದೆನೋ ಎಂದು ಓಡಿದಳು. ಕಾರುಗಳ ನಡುವೆ ನುಗ್ಗಿದಳು, ಒಂದು ಕಾರಿನ ಕನ್ನಡಿಗೆ ಮೊಣಕೈ ಬಡಿದು ಪ್ರಾಣ ಹೋದ ಹಾಗಾಯಿತು, ಒಂದು ಚಪ್ಪಲಿ ಕಿತ್ತುಹೋಯಿತು, ಇನ್ನೊಂದನ್ನು ಅವಳೇ ಒದ್ದು ಬಿಸಾಡಿದಳು. ಕಾದ ಡಾಂಬರು ಅಂಗಾಲು ಸುಡುತ್ತಿತ್ತು. ದೇವರೇ, ಅವನ ಕೈ ನಿಧಾನ ಮಾಡು, ಎಂದುಕೊಂಡಳು. ದೇವರ ನೆನಪಾಗದೆ ಎಷ್ಟೋ ವರ್ಷ ಕಳೆದಿದ್ದವು.

ಶೆಡ್ಡಿನ ಬಾಗಿಲು ತಳ್ಳಿದಾಗ ಯಂತ್ರಗಳ ಅಬ್ಬರ ಮುಖಕ್ಕೆ ಬಡಿಯಿತು. ಮೇಜಿನ ಮುಂದೆ ಅವಳ ತಮ್ಮ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಮದುಮಗನ ಹಾಗೆ ಕೂತಿದ್ದ. ಎದುರಿನ ಪರದೆಯಲ್ಲಿ ನೀಲಿ ಜ್ವಾಲೆ ನಲಿಯುತ್ತಿತ್ತು. ಅವನ ಬೆರಳು ಕಿಡಿಯ ಗುಂಡಿಯ ಮೇಲೆಯೇ ಇತ್ತು. ಅವಳನ್ನು ಕಂಡು ಹಲ್ಲು ಬಿಟ್ಟ, ನೋಡು ನಿನ್ನ ಪ್ರತಾಪವನ್ನು ಎನ್ನುವ ಹಾಗೆ ಪರದೆಯ ಕಡೆ ಗಲ್ಲ ಎತ್ತಿದ.

ಅವಳು ಅವನ ಕೈಯನ್ನು ಹೊಡೆದು ತಳ್ಳಿದಳು, ಗೋಡೆಯ ಮೇಲಿನ ದೊಡ್ಡ ಕೆಂಪು ಗುಂಡಿಯನ್ನು ಅಂಗೈಯಿಂದ ಗುದ್ದಿದಳು. ಅನಿಲದ ಕವಾಟ ಧಡಕ್ಕನೆ ಮುಚ್ಚಿತು. ಕಿಡಿಯ ಪೆಟ್ಟಿಗೆಯ ದೀಪ ನಂದಿತು. ಗಾಳಿಯ ಯಂತ್ರ ಮಾತ್ರ ಪೆಟ್ಟಿಗೆಯೊಳಗಿನದನ್ನು ಚಿಮಣಿಯಿಂದ ಹೊರಗೆ ದಬ್ಬುತ್ತಾ ಓಡುತ್ತಿತ್ತು.

"ಏನಕ್ಕಾ! ಹುಚ್ಚು ಹಿಡೀತಾ ನಿಂಗೆ? ಎಲ್ಲರೂ ನೋಡ್ತಿದ್ದಾರೆ!"

"ಪರದೆ ನೋಡು," ಎಂದು ಏದುಸಿರಿನಲ್ಲೇ ಅವನ ಕಿವಿಗೆ ಕೂಗಿದಳು. "ಅನಿಲ ಮುಚ್ಚಿದೀನಿ. ನೋಡು."

ಅವನು ನೋಡಿದ. ಅನಿಲ ಸೊನ್ನೆ ಎಂದು ಮುಳ್ಳು ತೋರಿಸುತ್ತಿತ್ತು. ಅದರ ಪಕ್ಕದಲ್ಲೇ ಜ್ವಾಲೆ ಏನೂ ಆಗದ ಹಾಗೆ ನಲಿಯುತ್ತಿತ್ತು. ಪೆಟ್ಟಿಗೆಯ ಪಕ್ಕಕ್ಕಿದ್ದ ಅನಿಲ ಪತ್ತೆ ಮಾಡುವ ಮಾಪಕದ ಕಡೆ ನೋಡಿದ. ಚಿಮಣಿಗೆ ಹೋಗುತ್ತಿದ್ದುದರಲ್ಲಿ ಉರಿಯದ ಅನಿಲ ಎಷ್ಟಿತ್ತು ಎಂದರೆ, ಅದರ ಮುಳ್ಳು ಕೊನೆಯ ಗೆರೆಗೆ ತಾಗಿ ಅಲ್ಲೇ ಅದುರುತ್ತಿತ್ತು.

"ಯಾವಾಗ ಆರ್ತು?"

"ನಿಂಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಜಾಣೆಗಂತೂ ಗೊತ್ತೇ ಇಲ್ಲ."

ಅವನು ಕುರ್ಚಿ ಹಿಂದಿದ್ದರೂ ಕಾಣದವನ ಹಾಗೆ ನೆಲದ ಮೇಲೇ ಕುಸಿದು ಕೂತ. ಅವಳು ಗೋಡೆ ಹಿಡಿದುಕೊಂಡು ನಿಂತಳು. ಮಾಪಕದ ಮುಳ್ಳು ಕೆಳಗೆ ಬಂದ ಮೇಲೆ ಗಾಳಿಯ ಯಂತ್ರ ನಿಲ್ಲಿಸಿದಳು. ಆಗ ಶೆಡ್ಡಿನಲ್ಲಿ ಫೋನ್ ಬಡಿಯುತ್ತಿರುವುದು ಕೇಳಿಸಿತು. ಅವಳೇ ಎತ್ತಿದಳು.

"ಮೇಡಂ, ನೀವು ಸುಮ್ನೆ ಹೆದರಿಸಿಬಿಟ್ರಲ್ಲ!" ನಿರ್ದೇಶಕರ ದನಿಯಲ್ಲಿ ಸಂತೋಷ ಉಕ್ಕುತ್ತಿತ್ತು. "ಇಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೀತಿದ್ದಾರೆ, ಕೇಳಿಸ್ತಿದೆಯಾ? ಎಷ್ಟು ಚೆನ್ನಾಗಿ ಉರೀತಿದೆ!"

ಕೇಳಿಸುತ್ತಿತ್ತು. ಇಷ್ಟು ವರ್ಷ ಅವಳು ಕಿವಿಯಾನಿಸಿ ಕಾದ ಚಪ್ಪಾಳೆ ಅದು.

"ಸರ್, ಇಲ್ಲಿ ಬೆಂಕಿ ಇಲ್ಲ. ಅನಿಲನೂ ಮುಚ್ಚಿದೀನಿ. ನೀವು ನೋಡ್ತಿರೋದು ಬರೀ ಚಿತ್ರ. ಅತಿಥಿಗಳನ್ನ ಕಳಿಸ್ಬೇಡಿ, ನಾನೇ ಬಂದು ಹೇಳ್ತೀನಿ."

ಅವಳು ಫೋನ್ ಇಟ್ಟು ತಮ್ಮನ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಅವಳ ಬರಿಗಾಲಲ್ಲಿ ಬೊಬ್ಬೆ ಎದ್ದದ್ದು ಅವನ ಕಣ್ಣಿಗೆ ಬಿತ್ತು. ಆಮೇಲೆ ಕಬ್ಬಿಣದ ಪೆಟ್ಟಿಗೆಯಲ್ಲಿದ್ದ ಗಾಜಿನ ಪುಟ್ಟ ಕಿಂಡಿಯ ಕಡೆ ಕೈ ತೋರಿಸಿದ. ಅದರೊಳಗೆ ಕಗ್ಗತ್ತಲು.

"ಎದ್ದು ಹೋಗಿ ಅದರಲ್ಲಿ ಒಂದ್ಸಲ ಬಗ್ಗಿ ನೋಡಿದ್ರೆ ಗೊತ್ತಾಗ್ತಿತ್ತಕ್ಕ," ಎಂದ. "ಬೇರೆ ಯಾರು ಮಾಡಿದ್ದಾಗಿದ್ರೂ ನೋಡ್ತಿದ್ದೆ, ದೇವರಾಣೆಗೂ ನೋಡ್ತಿದ್ದೆ. ನೀನು ಮಾಡಿದ್ದು ಅಂತ ನೋಡ್ಲಿಲ್ಲ."

ಅವಳು ಅವನ ಎಣ್ಣೆಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇನ್ಮೇಲೆ ನೋಡು," ಎಂದಳು. "ನಾನು ಮಾಡಿದ್ದು ಅಂತಲೇ ನೋಡು."

ಅವನು ತಲೆಯಾಡಿಸಿದ. ಅವಳು ಕಣ್ಣೊರೆಸಿಕೊಂಡು ಎದ್ದು, ಬರಿಗಾಲಲ್ಲೇ ಕುಂಟುತ್ತಾ, ಅತಿಥಿಗಳಿಗೆ ಹೇಳಬೇಕಾದದ್ದನ್ನು ಹೇಳಲು ಸಭಾಂಗಣದ ಕಡೆ ಹೊರಟಳು.