ಬ್ರಿಂಗಕ್ಕನ ತುದಿ

ಶಾಲೆಯ ಹನ್ನೆರಡು ಹಳೆಯ ಬೆಂಚುಗಳನ್ನು ಕೊಯ್ದು, ಪುಸ್ತಕದ ಕೋಣೆಗೆ ಕಪಾಟಿನ ಹಲಗೆ ಮಾಡಿಕೊಡಬೇಕೆಂದು ಬಡಗಿಗೆ ಹೇಳಿಕಳಿಸಿದ್ದರು. ಹನ್ನೊಂದನ್ನು ಮುಗಿಸಿದವನು ಕೊನೆಯದರ ಮುಂದೆ ಗರಗಸ ಹಿಡಿದು ಕೂತೇ ಬಿಟ್ಟ.

ಆರಡಿ ಹಲಗೆ. ಎಡತುದಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಬ್ರಿಂಗ್’, ಬಲತುದಿಯಲ್ಲಿ ‘ಟೇಕ್’. ಕೆತ್ತಿದ್ದು ಅವನ ಅಪ್ಪ. ಒಂದಕ್ಷರ ಓದಲು ಬಾರದ ಮನುಷ್ಯ, ಮೇಷ್ಟ್ರು ಸೀಮೆಸುಣ್ಣದಲ್ಲಿ ಗೀಚಿಕೊಟ್ಟಿದ್ದರ ಮೇಲೆ ಉಳಿ ಓಡಿಸಿದ್ದ.

ಇಂಗ್ಲಿಷ್ ಮೇಷ್ಟ್ರ ಪದ್ಧತಿಯೇ ಹಾಗಿತ್ತು. ಮಕ್ಕಳು ಅದಲುಬದಲು ಮಾಡುವ ಮಾತುಗಳನ್ನು ಜೋಡಿಯಾಗಿ ಬೆಂಚುಗಳಿಗೆ ಹಂಚಿದ್ದರು. ಮುಂದಿನ ಬೆಂಚಿಗೆ ‘ಹಿಯರ್’, ‘ಲಿಸನ್’: ಕಿವಿಗೆ ಬಿದ್ದದ್ದೊಂದು, ಕಿವಿಗೊಟ್ಟು ಕೇಳಿದ್ದೊಂದು. ಯಾರ ತುದಿಯ ಪದ ಅವರೇ ಕಲಿಯಬೇಕು. “ಇನ್ನೊಂದು ಬೇಕಾದ್ರೆ ಪಕ್ಕದವರನ್ನ ಕೇಳ್ರೋ, ನನ್ನ ತಲೆ ತಿನ್ಬೇಡಿ” ಎನ್ನುತ್ತಿದ್ದರು.

ಈ ಬೆಂಚಿನ ‘ಟೇಕ್’ ತುದಿ ಬಡಗಿಯದು, ಪಕ್ಕದ ‘ಬ್ರಿಂಗ್’ ತುದಿ ಅವನ ಅಕ್ಕನದು. ತಮ್ಮನಾದ ಅವನನ್ನೇ ಸೊಂಟದಲ್ಲಿ ಹೊತ್ತು ಎರಡು ವರ್ಷ ಮನೆಯಲ್ಲೇ ಉಳಿದು, ಅವನ ತರಗತಿಗೇ ಬಂದು ಕೂತವಳು. “ನಾವು ಎರಡಕ್ಕೂ ತಗೊಂಡು ಅಂತೀವಲ್ಲ, ಅದಕ್ಕೇ ಎಡವೋದು. ನಂದು ತಗೊಂಡು ಬಾ, ನಿಂದು ತಗೊಂಡು ಹೋಗು. ತಿಳೀತೇನೋ ಮಂಕೇ?” ಎಂದು ಬಿಡಿಸಿ ಹೇಳಿದ್ದಳು. ಊರೇ ಅವಳನ್ನು ಬ್ರಿಂಗಕ್ಕ ಎಂದಿತು.

ಅವ್ವ ಹಾಸಿಗೆ ಹಿಡಿದ ವರ್ಷ ಅವಳು ಪುಸ್ತಕದ ಚೀಲವನ್ನು ಗೂಟಕ್ಕೆ ಸಿಕ್ಕಿಸಿದಳು, ಮತ್ತೆ ಇಳಿಸಲಿಲ್ಲ. ಮೇಷ್ಟ್ರು ಆ ಜಾಗದಲ್ಲಿ ಬೇರೆ ಯಾರನ್ನೂ ಕೂರಿಸಲಿಲ್ಲ. ವರ್ಷವಿಡೀ ಅವನು ಏನೋ ಕೇಳಲು ಪಕ್ಕಕ್ಕೆ ತಿರುಗುವನು, ಬರೀ ಹಲಗೆ.

“ಇದೊಂದು ಬಿಟ್ಟುಬಿಡಿ ಮೇಡಂ, ಬದಲಿಗೆ ಹೊಸ ಹಲಗೆ ನಾನೇ ಹಾಕ್ತೀನಿ” ಎಂದು ಹೆಡ್‌ಮಿಸ್ಸನ್ನು ಕೇಳಿದ.

“ಹಳೇ ಮರದ ಜೊತೆ ಹಸಿ ಮರ ಸೇರಿಸಿದ್ರೆ ಬಾಗುತ್ತೆ ಅಂತ ನೆನ್ನೆ ನೀವೇ ಪಾಠ ಮಾಡಿದ್ರಲ್ಲ?”

ತನ್ನ ಮಾತೇ ತನ್ನ ಕಾಲಿಗೆ ಸುತ್ತಿಕೊಂಡಿತು.

“ನಾಲ್ಕಡಿ ಕಪಾಟಿಗೆ ಹಾಕಿ. ಉಳಿದ ತುಂಡು ನೀವೇ ಒಲೆಗಿಟ್ಕೊಳ್ಳಿ” ಎಂದು ಅವರು ನಡೆದರು.

ಎರಡಡಿ ಹೋಗಲೇಬೇಕು. ಯಾವ ತುದಿ? ಅಕ್ಕನ ಪದವನ್ನು ಮನೆಗೆ ಒಯ್ದು ಅವಳ ಕೈಗಿಡೋಣವೆಂದು ಎಡಗಡೆ ಗೆರೆ ಎಳೆದ. ಬಹಳ ಹೊತ್ತು ನೋಡಿದ. ತಾನು ಓದಿ ಮುಗಿಸಿ ಎದ್ದು ಹೋದವನು. ಅವಳದು ಅರ್ಧಕ್ಕೇ ನಿಂತದ್ದು, ಶಾಲೆಯಲ್ಲೇ ಉಳಿಯಬೇಕಾದದ್ದು. ಗೆರೆಯನ್ನು ಹೆಬ್ಬೆರಳಿನಿಂದ ಒರೆಸಿ, ಬಲಗಡೆಯಿಂದ ಅಳೆದು, ಗರಗಸ ಇಟ್ಟ.

ಕಪಾಟು ನಿಂತ ಮರುದಿನ ಅಕ್ಕನನ್ನು ಕರೆತಂದ. ಅವಳ ತುದಿ ಮಕ್ಕಳ ಎದೆಮಟ್ಟದ ಹಲಗೆಯಲ್ಲಿ, ಅಂಚಿನಲ್ಲೇ ಇತ್ತು. ಅವಳು ಕನ್ನಡಕ ಹುಡುಕಲಿಲ್ಲ, ಬೆರಳಾಡಿಸಿದಳು. ಕೊನೆಯ ಅಕ್ಷರದ ಬಳಿ ಬೆರಳು ತಡೆಯಿತು.

“ಇಲ್ಲಿ ಅಪ್ಪನ ಉಳಿ ಜಾರಿತ್ತು. ಮೇಷ್ಟ್ರು ನೋಡೋ ಮೊದ್ಲೇ ಮೇಣ ತುಂಬಿದ್ದ, ಕಳ್ಳ.” ನಕ್ಕು, ಆಚೆ ತುದಿಗೆ ಕಣ್ಣು ಹಾಯಿಸಿದಳು. “ನಿಂದೆಲ್ಲೋ?”

“ಕೊಯ್ದೆ. ಜಾಗ ಸಾಲಲಿಲ್ಲ.”

“ಒಲೆಗೆ ಹಾಕಿದ್ಯಾ?”

“ಇಲ್ಲ, ಅಂಗಡೀಲಿದೆ.”

ಅವಳು ಸೆರಗಿನಿಂದ ಹಲಗೆಯ ಮೇಲಿನ ಹೊಟ್ಟು ಒರೆಸಿದಳು.

“ಅದಕ್ಕೆ ನಾಲ್ಕು ಕಾಲು ಬಡಿದು ಸಂಜೆ ತಗೊಂಡು ಬಾ. ನನ್ನ ಕಾಲುಮಣೆ ಮುರಿದು ತಿಂಗಳಾಯ್ತು, ಬಡಗಿ ತಮ್ಮ ಇದ್ದೂ ನೆಲದ ಮೇಲೆ ಕೂರ್ತಿದೀನಿ.”